ಎದುರುಮನೆಯ ಆಯಿ ನಾಮ್

ದುಬೈಗೆ ಹೋಗಿ ಬಂದವರನ್ನು ನಮ್ಮ ಗದಗಿನಲ್ಲಿ ಏನೇನು ಕೇಳುತ್ತಾರೆಂದು ನನಗೆ ಈಗ ಬಾಯಿಪಾಠ. ಬಂಗಾರದ ಅಂಗಡಿಗಳ ಓಣಿ ನೋಡಿದಿರಾ, ಮರಳಿನಲ್ಲಿ ಒಂಟೆ ಹತ್ತಿದಿರಾ, ಸಮುದ್ರದಲ್ಲಿ ಹಾಯಿಯ ಹಾಗೆ ನಿಂತ ಆ ಹೋಟೆಲನ್ನು ಕಂಡಿರಾ. ನಾನು ಎರಡು ತಿಂಗಳು ಇದ್ದು ಬಂದವಳು. ಬಂಗಾರದ ಓಣಿಯಲ್ಲಿ ಒಂದು ಸಲ ನಡೆದದ್ದುಂಟು. ಆದರೆ ದುಬೈ ಅಂದಕೂಡಲೇ ಈಗಲೂ ನನ್ನ ಕಣ್ಣ ಮುಂದೆ ಬರುವುದು ಒಂದು ಬಿಳಿ ಛಾವಣಿ, ಅದರ ಮೂಲೆಯ ಎ.ಸಿ. ಕಿಂಡಿ, ಗಾಳಿ ಬರುತ್ತಿದೆಯೋ ಇಲ್ಲವೋ ತಿಳಿಯಲೆಂದು ಆ ಕಿಂಡಿಗೆ ಕಟ್ಟಿದ್ದ ಕೆಂಪು ರಿಬ್ಬನ್ನಿನ ತುಂಡು. ಹನ್ನೆರಡು ದಿನ ಮಲಗಿದಲ್ಲಿಂದ ನಾನು ನೋಡಿದ್ದು ಅದನ್ನೇ. ಛಾವಣಿ ನನ್ನ ತಂಗಿಯ ಮನೆಯದೂ ಅಲ್ಲ. ಅವರ ಎದುರುಮನೆಯಲ್ಲಿದ್ದ, ಅಲ್ಲಿಯವರೆಗೆ ನಾನು ಮುಖ ಕೂಡ ನೋಡಿರದ, ಅಸ್ಸಾಮಿನ ಹೆಂಗಸೊಬ್ಬಳದು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತಂಗಿ ಹೇಮಾ ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ಬಸವರಾಜ ಜೆಬೆಲ್ ಅಲಿ ಕಡೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಮನೆ ಕರಾಮದಲ್ಲಿ. ಅವಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಕಳೆದುಹೋಗಿತ್ತು. ಮೂರನೆಯದು ಎಂಟನೆಯ ತಿಂಗಳಿಗೆ ಬಂದಿತ್ತು. ಅವ್ವನಿಗೆ ಮೊಣಕಾಲು ನೋವು, ವಿಮಾನ ಹತ್ತುವ ಮಾತೇ ಇರಲಿಲ್ಲ. ಪರೀಕ್ಷೆಯ ಕೆಲಸ ಮುಗಿಸಿ, ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ನಾನೇ ಹೊರಟೆ. ದುಬೈಯಲ್ಲಿ ಆಗಿನ್ನೂ ಮೆಟ್ರೋ ಇರಲಿಲ್ಲ, ಫೋನೆಂದರೆ ಗೋಡೆಗೆ ತಂತಿ ಇರುವ ಫೋನು.

ವಿಮಾನ ನಿಲ್ದಾಣ

ಗಸಗಸೆ ಮಾತ್ರ ತರಬೇಡಿರೆಂದು ಬಸವರಾಜ ಫೋನಿನಲ್ಲಿ ಮೂರು ಸಲ ಹೇಳಿದ್ದ. ಅಲ್ಲಿ ಅದು ನಿಷಿದ್ಧ. ಗಸಗಸೆ ತರಲಿಲ್ಲ, ಆದರೆ ಗುರೆಳ್ಳು ಚಟ್ನಿಪುಡಿ ತಂದಿದ್ದೆ. ಕಸ್ಟಮ್ಸಿನ ಅಧಿಕಾರಿ ಬಿಳಿಯ ನಿಲುವಂಗಿಯ ತೋಳು ಹಿಂದೆ ಸರಿಸಿ ಆ ಕಪ್ಪು ಪುಡಿಯ ಡಬ್ಬಿ ತೆರೆದ. ಏನಿದು ಅಂದ. ನನ್ನ ಇಂಗ್ಲಿಷಿನಲ್ಲಿ ಗುರೆಳ್ಳಿಗೆ ಶಬ್ದವಿರಲಿಲ್ಲ. ರೊಟ್ಟಿ ಮುರಿದು ಅದ್ದಿ ತಿನ್ನುವ ಅಭಿನಯ ಮಾಡಿ ತೋರಿಸಿದೆ. ಅವನು ಮೂಗಿನ ಹತ್ತಿರ ಹಿಡಿದ, ಬೆಳ್ಳುಳ್ಳಿ ಖಾರ ಏರಿತು, ಎರಡು ಸಲ ಸೀನಿದ. ಮುಚ್ಚಳ ಹಾಕಿ "ಯಲ್ಲಾ ಮದಾಮ್, ಯಲ್ಲಾ" ಎಂದು ಕೈ ಬೀಸಿದ. ಪ್ರವಾಸದ ಕಷ್ಟವೆಲ್ಲ ಅಲ್ಲಿಗೆ ಮುಗಿಯಿತೆಂದು ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೊರಗೆ ಬಂದೆ.

ಕರಾಮ, ನಾಲ್ಕನೆಯ ದಿನ

ಕರಾಮಕ್ಕೆ ಬಂದವರಿಗೆ ಪರದೇಶಕ್ಕೆ ಬಂದೆವೆಂದು ಅನ್ನಿಸಲು ಸ್ವಲ್ಪ ಸಮಯ ಬೇಕು. ನಾಲ್ಕೈದು ಅಂತಸ್ತಿನ ಹಳೆಯ ಕಟ್ಟಡಗಳು, ಬಾಲ್ಕನಿಗಳ ತುಂಬ ಒಣಹಾಕಿದ ಬಟ್ಟೆ, ಕೆಳಗೆ ಇಡ್ಲಿ-ವಡೆಯ ಹೋಟೆಲು, ಪಕ್ಕದಲ್ಲಿ ಹೂವು ಮಾರುವ ಮಲೆಯಾಳಿ. ಮೊದಲ ಮೂರು ದಿನ ಹೇಮಾಳ ಕೂದಲಿಗೆ ಎಣ್ಣೆ ಹಚ್ಚಿದೆ, ರೊಟ್ಟಿ ಬಡಿದೆ, ಅವಳ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಸುದ್ದಿ ಹೇಳಿದೆ. ಹಾಸಿಗೆಯನ್ನೂ ಅವಳ ಪಕ್ಕದಲ್ಲೇ ಹಾಕಿಕೊಂಡಿದ್ದೆ.

ನಾಲ್ಕನೆಯ ದಿನ, ಬುಧವಾರ ಬೆಳಿಗ್ಗೆ, ಸ್ನಾನ ಮಾಡುವಾಗ ಹೊಟ್ಟೆಯ ಮೇಲೆ ನಾಲ್ಕೈದು ನೀರುಗುಳ್ಳೆ ಕಂಡವು. ಹಿಂದಿನ ಸಂಜೆಯಿಂದ ಮೈ ಬೆಚ್ಚಗಿತ್ತು, ಪ್ರಯಾಣದ ದಣಿವೆಂದುಕೊಂಡಿದ್ದೆ. ಕನ್ನಡಿಯಲ್ಲಿ ಬೆನ್ನು ನೋಡಿಕೊಂಡೆ. ಅಲ್ಲೂ ಇದ್ದವು. ಇಪ್ಪತ್ತು ವರ್ಷ ಮಕ್ಕಳ ನಡುವೆ ಇದ್ದವಳಿಗೆ ಅವು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೊರಡುವ ಎರಡು ವಾರ ಮೊದಲು ನನ್ನ ತರಗತಿಯ ಇಬ್ಬರು ಹುಡುಗಿಯರಿಗೆ ಅಮ್ಮ ಬಂದಿದ್ದಳು. ಅವರಲ್ಲೊಬ್ಬಳ ಮನೆಗೇ ಹೋಗಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಕೂತಿದ್ದ ಅವಳ ತಾಯಿಗೆ, ಇದು ಅಮ್ಮ ಅಲ್ಲ, ಚಿಕನ್‌ಪಾಕ್ಸ್ ಎಂಬ ವೈರಸ್ಸು, ಮೊದಲು ದವಾಖಾನೆಗೆ ಕರೆದುಕೊಂಡು ಹೋಗಿರೆಂದು ಪಾಠ ಮಾಡಿ ಬಂದಿದ್ದೆ. ಆಗ ನನಗೆ ಭಯವಿರಲಿಲ್ಲ. ಚಿಕ್ಕಂದಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಅಮ್ಮ ಬಂದು ಹೋಗಿದ್ದಾಳೆಂದು ಅವ್ವ ಹೇಳುತ್ತಿದ್ದಳು. ಆ ಒಬ್ಬಳು ನಾನೇ ಎಂದು ನಾನು ಹೇಗೋ ತೀರ್ಮಾನಿಸಿಬಿಟ್ಟಿದ್ದೆ.

ಬಚ್ಚಲಿನ ಬಾಗಿಲು ತೆರೆಯದೆ ಒಳಗಿನಿಂದಲೇ ಕೂಗಿದೆ. "ಹೇಮಾ, ನೀ ಅಡಿಗಿಮನಿಗೆ ಹೋಗಿ ಬಾಗಲಾ ಹಾಕ್ಕೊ. ನಾ ಹೇಳೂತನಕಾ ಹೊರಗ ಬರಬ್ಯಾಡ."

"ಯಾಕಕ್ಕಾ, ಏನಾತು?"

"ನನಗ ಅಮ್ಮ ಬಂದಾಳ."

ಅಡುಗೆಮನೆಯ ಬಾಗಿಲ ಚಿಲಕ ಬಿದ್ದ ಸದ್ದು ಕೇಳಿತು.

ಕಾರಿಡಾರಿನ ಆಚೆ

ಬಸವರಾಜ ಕೆಲಸ ಬಿಟ್ಟು ಓಡಿಬಂದ. ಹೇಮಾಳನ್ನು ದವಾಖಾನೆಗೆ ಕರೆದುಕೊಂಡು ಹೋದ. ನಾನು ಒಂದು ಕೋಣೆಯಲ್ಲಿ ಚಾದರ ಹೊದ್ದು ಕೂತೆ. ಇರುವುದೇ ಒಂದು ಮಲಗುವ ಕೋಣೆ, ಒಂದು ಹಾಲು, ಒಂದೇ ಬಚ್ಚಲು. ಹೋಟೆಲಿಗೆ ಹೋಗೋಣವೆಂದರೆ ಮೈತುಂಬ ಗುಳ್ಳೆ ಇರುವವಳನ್ನು ಯಾರು ಒಳಗೆ ಬಿಟ್ಟಾರು. ಊರಿಗೆ ವಾಪಸು ಹೋಗೋಣವೆಂದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಒಳಗಿನಿಂದಲೇ ಹಿಂದಿಯಲ್ಲಿ, "ನಜದೀಕ್ ಆನಾ ನಕ್ಕೋ, ಹಮಾರೆಕು ಬೀಮಾರಿ ಹೈ" ಎಂದೆ. ನಮ್ಮ ಗದಗಿನ ಹಿಂದಿ. ಹೊರಗಿದ್ದವಳ ಹಿಂದಿಯಲ್ಲಿ ಗಂಡು ಹೆಣ್ಣಿನ ಭೇದವಿರಲಿಲ್ಲ. ಮುಂದೆ ಹನ್ನೆರಡು ದಿನ ನಾವಿಬ್ಬರೂ ಈ ಎರಡು ಹಿಂದಿಗಳಲ್ಲಿ ಮಾತಾಡಿಕೊಂಡೆವು. ಅದನ್ನೆಲ್ಲ ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತೇನೆ.

"ಗೊತ್ತು ಬಾಯ್ದೇವ್. ಹೇಮಾ ಮೆಟ್ಟಿಲ ಹತ್ತಿರ ಅಳುತ್ತ ಹೇಳಿದಳು. ಬಾಗಿಲು ತೆಗೆಯಿರಿ, ನನಗೆ ಚಿಕ್ಕವಳಿದ್ದಾಗಲೇ ಆಗಿದೆ. ನನ್ನ ಮಗಳಿಗೆ ಹೋದ ವರ್ಷ ಆಯಿತು. ನಮ್ಮ ಮನೆಗೆ ಬನ್ನಿ."

ಬಾಯ್ದೇವ್ ಅಂದರೆ ಅವರಲ್ಲಿ ಅಕ್ಕ. ಅವಳ ಹೆಸರು ಜುನು, ಊರು ಅಸ್ಸಾಮಿನ ಶಿವಸಾಗರದ ಹತ್ತಿರ. ಗಂಡ ಅಬುಧಾಬಿಯ ಸಮುದ್ರದೊಳಗಿನ ಎಣ್ಣೆಬಾವಿಯಲ್ಲಿ ಕೆಲಸಕ್ಕಿದ್ದ. ಒಂದು ತಿಂಗಳು ನೀರಿನ ಮೇಲೆ, ಒಂದು ತಿಂಗಳು ಮನೆಯಲ್ಲಿ. ಅದು ನೀರಿನ ಮೇಲಿದ್ದ ತಿಂಗಳು. ಮನೆಯಲ್ಲಿ ಅವಳು, ಎಂಟು ವರ್ಷದ ಮಗಳು ಪಾಹಿ, ಇಬ್ಬರೇ.

ಎದುರು ಬಾಗಿಲಿಗೆ ಹತ್ತು ಹೆಜ್ಜೆ. ಚಾದರ ಹೊದ್ದುಕೊಂಡು ಆ ಹತ್ತು ಹೆಜ್ಜೆ ನಡೆದೆ. ಶಾಲೆಯಿಂದ ಬಂದ ಪಾಹಿ ನನ್ನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿ, "ಮೈನ್ ವಾಸ್ ಮೋರ್, ಆಂಟಿ" ಎಂದು, ತನಗೆ ಇನ್ನೂ ಹೆಚ್ಚು ಎದ್ದಿದ್ದವೆಂದು, ಸಮಾಧಾನ ಹೇಳಿದಳು. ಜುನು ಅಂದು ಒಲೆಯ ಮೇಲೆ ಎಣ್ಣೆ ಇಡಲಿಲ್ಲ. ಬೇಳೆಗೆ ಒಗ್ಗರಣೆ ಇಲ್ಲ, ಅರಿಸಿನವಿಲ್ಲ, ಮೀನಿನ ಡಬ್ಬಿಗಳೆಲ್ಲ ಫ್ರೀಜರಿನ ತಳಕ್ಕೆ. ಯಾಕೆಂದು ಕೇಳಿದೆ.

"ಮನೆಗೆ ಆಯಿ ಬಂದಿದ್ದಾಳಲ್ಲ. ಅವಳಿಗೆ ಒಗ್ಗರಣೆಯ ಘಾಟು ಆಗುವುದಿಲ್ಲ."

ಆಯಿ ಅಂದರೆ ತಾಯಿ. ನಮ್ಮ ಕಡೆ ಕೆಲವು ಮನೆಗಳಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಸಾವಿರಾರು ಮೈಲಿ ದೂರದ ಬ್ರಹ್ಮಪುತ್ರೆಯ ದಂಡೆಯಲ್ಲೂ ಈ ಕಾಯಿಲೆಗೆ ತಾಯಿಯ ಹೆಸರನ್ನೇ ಇಟ್ಟಿದ್ದಾರೆ, ಅವಳು ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ ಎಂದು ನನಗೆ ಯಾವ ಭೂಗೋಳದ ಪುಸ್ತಕವೂ ಹೇಳಿರಲಿಲ್ಲ.

ಹೊಸ್ತಿಲಲ್ಲಿ

ಸಂಜೆ ಬಸವರಾಜ ಬಂದ. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಡಾಕ್ಟರು ಹೇಳಿದ್ದನ್ನು ಹೇಳಿದ. ಹೇಮಾಳಿಗೆ ಚಿಕ್ಕಂದಿನಲ್ಲಿ ಈ ಕಾಯಿಲೆ ಬಂದು ಹೋಗಿದ್ದರೆ ಚಿಂತೆಯಿಲ್ಲ. ಇಲ್ಲವಾದರೆ ತಾಯಿಗೆ, ಮಗುವಿಗೆ, ಇಬ್ಬರಿಗೂ ಅಪಾಯ. ಒಂದು ಇಂಜೆಕ್ಷನ್ ತರಿಸಿ ಬೇಗ ಕೊಡಬೇಕು, ಅದೂ ಪೂರ್ತಿ ಭರವಸೆಯದಲ್ಲ. ರಕ್ತ ತೆಗೆದುಕೊಂಡಿದ್ದಾರೆ. ಗುರುವಾರ ಅರ್ಧ ದಿನ, ಶುಕ್ರವಾರ ರಜೆ, ವರದಿ ಬರುವುದು ಶನಿವಾರ.

ಆಮೇಲೆ ನೆಲ ನೋಡುತ್ತ ಕೇಳಿದ.

"ನಿಮ್ಮ ಸಾಲ್ಯಾಗ ಹುಡುಗರಿಗೆ ಬಂದಿತ್ತಂತಲ್ರಿ ಅಕ್ಕಾರ?"

"ಹೌದಪಾ."

"ಗೊತ್ತಿತ್ತು ನಿಮಗ."

"ಗೊತ್ತಿತ್ತು."

"ಒಂದು ಮಾತು ಫೋನಿನ್ಯಾಗ ಹೇಳಿದ್ರ, ಹದಿನೈದು ದಿನಾ ತಡದು ಬರ್ರಿ ಅಂತಿದ್ದೆ. ಎರಡು ಸಲ ಏನಾಗೇದಂತ ನಿಮಗ ಗೊತ್ತೈತಲ್ರಿ."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅವನು ಎದುರು ಬಾಗಿಲು ತೆರೆದು ಒಳಗೆ ಹೋದ.

ಜುನು ಫೋನನ್ನು ನನ್ನ ಹಾಸಿಗೆಯ ಬಳಿ ತಂದಿಟ್ಟಳು. ಗದಗಿಗೆ ಫೋನು ಹಚ್ಚಿ ಅವ್ವನನ್ನು ಕೇಳಿದೆ. "ಅವ್ವಾ, ಒಬ್ಬಾಕಿಗೆ ಅಮ್ಮ ಬಂದಿತ್ತಂತಿದ್ದೆಲ್ಲ, ಯಾರಿಗೆ?"

"ನಿನಗs ಇರಬೇಕು."

"ನನಗ ಈಗ ಬಂದೇತಿ. ಹಂಗಾರ ಹೇಮಾಗs ಬಂದಿತ್ತೇನು?"

ನನಗೆ ಆಸೆ ಚಿಗುರಿತು. ಲೆಕ್ಕ ಸರಿಯಾಗಿಯೇ ಇತ್ತು. ಇಬ್ಬರಲ್ಲಿ ಒಬ್ಬಳು, ಆ ಒಬ್ಬಳು ನಾನಲ್ಲ. ಆದರೆ ಅವ್ವ ಅಷ್ಟಕ್ಕೇ ಬಿಡಲಿಲ್ಲ. "ಹೇಮಾಗ ಎರಡು ವರ್ಸಿದ್ದಾಗ ಮೈಮ್ಯಾಲೆ ಎದ್ದಿದ್ವು. ಅಮ್ಮನೋ ದಡಾರೋ, ಈಗ ಹೆಂಗ ಹೇಳಲೆವ್ವಾ. ಸುಳ್ಳು ಹೇಳಿದ್ರ ಕೂಸಿನ ಜೀವದ ಪ್ರಶ್ನೆ."

ದುಬೈಯೊಳಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟು ಹೊತ್ತು ಮಾತಾಡಿದರೂ ಫೋನು ಪುಕ್ಕಟೆ. ಹೀಗಾಗಿ ಹತ್ತು ಹೆಜ್ಜೆ ದೂರದಲ್ಲಿದ್ದ ಅಕ್ಕ ತಂಗಿ ಆ ಮೂರು ದಿನ ಫೋನಿನಲ್ಲಿ ಸಂಸಾರ ಮಾಡಿದೆವು. ಹೇಮಾ ನನ್ನ ಜ್ವರ ಕೇಳುತ್ತಿದ್ದಳು. ನಾನು ಅವಳ ಮೈ ಮುಟ್ಟಿ ನೋಡಿಕೊಳ್ಳಲು ಹೇಳುತ್ತಿದ್ದೆ. ನಿದ್ದೆ ಬಂತಾ ಎಂದು ಕೇಳಿದರೆ ಪ್ರತಿ ಸಲವೂ, "ಕಣ್ಣು ಮುಚ್ಚಿದ್ರ ಎರಡನೇದ್ದು ನೆನಪಾಗತೈತಕ್ಕಾ" ಅನ್ನುತ್ತಿದ್ದಳು.

ಶುಕ್ರವಾರ

ಗುರುವಾರ ಮಧ್ಯಾಹ್ನ ಜುನು ತನ್ನ ತಾಯಿಗೆ ಫೋನು ಮಾಡಿ ಕಾಗದದ ಮೇಲೆ ಏನೋ ಬರೆದುಕೊಳ್ಳುತ್ತಿದ್ದಳು. ಆ ಕಡೆಯಿಂದ ಮುದುಕಿಯ ಹಾಡು ಕೇಳಿಸುತ್ತಿತ್ತು. ಒಂದು ಸಾಲು ಹಾಡುವುದು, ಇವಳು ಬರೆಯುವುದು, ಮತ್ತೆ ಹಾಡುವುದು. ಮುಗಿದ ಮೇಲೆ ನನ್ನ ಹಾಸಿಗೆಯ ತುದಿಗೆ ಬಂದು ಕೂತಳು.

"ಬಾಯ್ದೇವ್, ನಾಳೆ ನಿಮಗಾಗಿ ಆಯಿ ನಾಮ್ ಮಾಡೋಣವೇ? ನಮ್ಮಲ್ಲಿ ಆಯಿ ಬಂದರೆ ಹೆಂಗಸರು ಸೇರಿ ಹಾಡಿ ಅವಳನ್ನು ಒಲಿಸಿಕೊಳ್ಳುತ್ತಾರೆ. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಹೋದ ವರ್ಷ ಪಾಹಿಗೆ ಬಂದಾಗ ಇಲ್ಲಿ ನನಗೆ ಯಾರ ಪರಿಚಯವೂ ಇರಲಿಲ್ಲ. ಒಬ್ಬಳೇ ಕೂತು ನೆನಪಿದ್ದ ಎರಡು ಸಾಲು ಹಾಡಿದೆ. ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ."

ಇದು ವೈರಸ್ಸು ಎಂಬ ನನ್ನ ಪಾಠ ನಾಲಿಗೆಯ ತುದಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಮಾತ್ರೆ ನುಂಗುತ್ತಿದ್ದೆ, ಗುಲಾಬಿ ಬಣ್ಣದ ಲೋಶನ್ನು ಹಚ್ಚಿಕೊಳ್ಳುತ್ತಿದ್ದೆ. ಹಾಡಿಗೂ ಅವಕ್ಕೂ ಜಗಳವೇನಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಹೆಂಗಸರು ಬರತೊಡಗಿದರು. ಜುನು ಬಾಗಿಲಲ್ಲೇ ನಿಂತು ಪ್ರತಿಯೊಬ್ಬರನ್ನೂ, ಚಿಕ್ಕಂದಿನಲ್ಲಿ ಆಗಿದೆಯೇ, ಖಾತ್ರಿಯೇ, ಹೊಟ್ಟೆಯಲ್ಲಿ ಏನಾದರೂ ಇದೆಯೇ ಎಂದು ಪಾಸ್‌ಪೋರ್ಟ್ ತಪಾಸಣೆಯವರಂತೆ ಕೇಳಿ ಒಳಗೆ ಬಿಡುತ್ತಿದ್ದಳು. ಒಬ್ಬಳಿಗೆ ಖಾತ್ರಿಯಿರಲಿಲ್ಲ. ಅಷ್ಟು ದೂರದಿಂದ ಎರಡು ಬಸ್ಸು ಬದಲಿಸಿ ಬಂದವಳು ವಾಪಸು ಹೋಗಲೊಪ್ಪದೆ ಕೆಳಗಿನ ಮೆಟ್ಟಿಲ ಮೇಲೆ ಕೂತಳು, ಅಲ್ಲಿಂದಲೇ ಹಾಡುತ್ತೇನೆಂದಳು. ಒಟ್ಟು ಹನ್ನೊಂದು ಜನ. ಎಲ್ಲರೂ ಮೇಖಲಾ ಚಾದರ ಉಟ್ಟಿದ್ದರು. ಸೀರೆಯಂತೆ ಕಂಡರೂ ಎರಡು ತುಂಡಿನ ಉಡುಪು, ಕೆನೆಬಣ್ಣದ ಮೇಲೆ ಕೆಂಪು ಹೂ. ಅವರಲ್ಲಿ ಹಿರಿಯಳು ಶಾರ್ಜಾದ ಮಗನ ಮನೆಗೆ ಬಂದಿದ್ದ ಎಪ್ಪತ್ತರ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಮಾಹಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಶುಕ್ರವಾರ ಆಯಿ ನಾಮ್ ಮಾಡಬಹುದೇ ಎಂದು ಯಾರೋ ಕೇಳಿದ್ದಕ್ಕೆ ಮಾಹಿ, "ಈ ಊರಿನಲ್ಲಿ ಆಯಿಗೂ ಶುಕ್ರವಾರವೇ ರಜೆ" ಅಂದರಂತೆ.

ನೆಲದ ಮೇಲೆ ಚಾಪೆ. ನಡುವೆ ಹಣತೆ. ಕಾಲಿರುವ ಕಂಚಿನ ತಟ್ಟೆಯಲ್ಲಿ ವೀಳ್ಯದೆಲೆ, ಹಸಿ ಅಡಿಕೆ. ಬಾಳೆಲೆ ಸಿಕ್ಕಿರಲಿಲ್ಲ, ಬಟ್ಟಲುಗಳಲ್ಲೇ ನೆನೆಸಿದ ಕಡಲೆ, ಹೆಸರುಕಾಳು, ಶುಂಠಿ, ತೆಂಗಿನ ಚೂರು. ಒಗ್ಗರಣೆ ಹಾಕದ ನಮ್ಮ ಕೋಸಂಬರಿಯೇ ಅದು. ನನ್ನನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿದರು. ಮುಖದ ತುಂಬ ಗುಳ್ಳೆ, ಕೂದಲು ಬಾಚಿಲ್ಲ, ಮೇಲೆ ಗುಲಾಬಿ ಬಣ್ಣದ ಲೋಶನ್ನು. ಅಂಥ ಅವತಾರದಲ್ಲಿ ಹನ್ನೊಂದು ಅಪರಿಚಿತರ ನಡುವೆ ದೇವರ ಜಾಗದಲ್ಲಿ ಕೂರಬೇಕಾಗಿ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಡೋಲಿಲ್ಲ, ಹಾರ್ಮೋನಿಯಂ ಇಲ್ಲ. ಮಾಹಿ ಒಂದು ಸಾಲು ಎತ್ತಿಕೊಟ್ಟರು, ಉಳಿದವರು ಅದನ್ನೇ ತಿರುಗಿ ಹೇಳಿದರು, ನಡುನಡುವೆ ಅಂಗೈ ತಟ್ಟಿದರು. ಭಜನೆಯ ಚಪ್ಪಾಳೆಯ ಹಾಗೆ ಏರುತ್ತ ಹೋಗುವುದಲ್ಲ ಅದು. ಮಗುವನ್ನು ಮಲಗಿಸುವಾಗ ಬೆನ್ನು ತಟ್ಟುವ ಗತಿ. ಗದಗಿನವಳಾದ್ದರಿಂದ ಹಾಡು ಕೇಳಿದರೆ ರಾಗ ಹುಡುಕುವ ಚಟ ನನಗೂ ಇದೆ. ಐದೇ ಸ್ವರಗಳಲ್ಲಿ ತಿರುಗುತ್ತಿತ್ತು, ಭೂಪ ಇರಬೇಕೆಂದುಕೊಳ್ಳುವಷ್ಟರಲ್ಲಿ ಸಾಲಿನ ಕೊನೆಯಲ್ಲಿ ಸ್ವರ ಮೆಲ್ಲಗೆ ಬಾಗಿ, ನಡುಗಿ, ಕೆಳಗಿಳಿಯಿತು. ಅಲ್ಲಿಗೆ ಹುಡುಕುವುದನ್ನು ಬಿಟ್ಟೆ. ಅರ್ಥವನ್ನು ಜುನು ಕಿವಿಯಲ್ಲಿ ಹೇಳುತ್ತಿದ್ದಳು. ಆಯಿ ಒಬ್ಬಳಲ್ಲ, ಏಳು ಜನ ಅಕ್ಕತಂಗಿಯರು. ಬಂದಿದ್ದೀರಿ, ಕೂರಿ, ನಿಮಗೆ ಕೊಡಲು ನಮ್ಮಲ್ಲಿ ಹೆಚ್ಚೇನಿಲ್ಲ, ಸಿಟ್ಟಾಗಬೇಡಿ, ಮಕ್ಕಳ ಮೈಮೇಲೆ ಹಗುರವಾಗಿ ಕೈಯಾಡಿಸಿ ಎಂದು ಬೇಡಿಕೊಳ್ಳುವುದು. ಕಾಯಿಲೆಯನ್ನು ಬೈಯುವ ಒಂದು ಮಾತೂ ಅದರಲ್ಲಿರಲಿಲ್ಲ. ಬಂದವಳು ಎಷ್ಟೇ ಕಷ್ಟದ ಅತಿಥಿಯಾಗಿರಲಿ, ಅತಿಥಿಯೇ.

ನಡುವೆ ಒಂದು ಕಡೆ ಮಾಹಿಗೆ ಸಾಲು ಮರೆಯಿತು. ಜುನು ತನ್ನ ಕಾಗದ ನೋಡಿ ಎತ್ತಿಕೊಟ್ಟಳು. ಅವಳ ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಮೆಟ್ಟಿಲ ಮೇಲೆ ಕೂತವಳ ದನಿ ಯಾವಾಗಲೂ ಅರೆಕ್ಷಣ ತಡವಾಗಿ ಬರುತ್ತಿತ್ತು.

ನನ್ನ ಪಕ್ಕದ ಸ್ಟೂಲಿನ ಮೇಲೆ ಫೋನಿನ ರಿಸೀವರನ್ನು ಜುನು ಬಾಯಿ ಮೇಲಾಗಿ ಮಲಗಿಸಿಟ್ಟಿದ್ದಳು. ಆ ತುದಿಯಲ್ಲಿ ಹೇಮಾ ಇದ್ದಳು. ಒಂದು ನಾಮ್ ಮುಗಿದಾಗ ರಿಸೀವರನ್ನು ಕಿವಿಗೆ ಹಿಡಿದೆ.

"ಕೇಳಸ್ತದೇನ?"

"ಕೇಳಸ್ತದಕ್ಕಾ." ಅವಳು ಅಳುತ್ತಿದ್ದಳು. "ಇನ್ನೊಂದು ಹೇಳಂತ ಹೇಳ."

ಮಾಹಿಗೆ ಜುನು ಅದನ್ನು ಅಸ್ಸಾಮಿ ಮಾಡಿ ಹೇಳಿದಳು. ಮುದುಕಿ ಚಾಪೆಯ ಮೇಲೆ ಸರಿದು ಫೋನಿನ ಹತ್ತಿರ ಬಂದು, ಅದಕ್ಕೆ ಬೆನ್ನು ತೋರಿಸದ ಹಾಗೆ ತಿರುಗಿ ಕೂತು, ಇನ್ನೊಂದಲ್ಲ, ಮತ್ತೆ ಮೂರು ಹಾಡಿದರು.

ರೋಗ ಹಾಡಿನಿಂದ ಹೋಗುತ್ತದೆಂದು ನಾನು ಅಂದೂ ನಂಬಲಿಲ್ಲ, ಇಂದೂ ಇಲ್ಲ. ಆದರೆ ಬುಧವಾರದಿಂದ ನನ್ನನ್ನು ನಾನೇ ಅಪರಾಧಿಯಂತೆ ಮೂಲೆಯಲ್ಲಿ ಕೂರಿಸಿಕೊಂಡಿದ್ದೆ. ಅಲ್ಲಿ ಸೇರಿದವರಲ್ಲಿ ಯಾರೂ ನನ್ನನ್ನು ಹಾಗೆ ನೋಡಲಿಲ್ಲ. ವಾರಕ್ಕೆ ಒಂದೇ ರಜೆ ಇರುವವರು ಅದನ್ನು ನನ್ನ ಹಾಸಿಗೆಯ ಸುತ್ತ ಕಳೆದರು. ಆ ಮಧ್ಯಾಹ್ನ ಮೂರು ದಿನಗಳ ನಂತರ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಶನಿವಾರ

ಫೋನು ಹನ್ನೊಂದು ಗಂಟೆಗೆ ಬಂತು. ಬಸವರಾಜನದಲ್ಲ. ದವಾಖಾನೆಯ ನರ್ಸಿನದು, ಉಡುಪಿ ಕಡೆಯ ಕೊಂಕಣಿ ಹೆಂಗಸು. ಹೇಮಾಳ ಮನೆಯ ಫೋನು ಎಂಗೇಜ್ ಬರುತ್ತಿದೆಯೆಂದು ಬಸವರಾಜ ಕೊಟ್ಟಿದ್ದ ಎರಡನೆಯ ನಂಬರಿಗೆ ಮಾಡಿದ್ದಳು. ಎಂಗೇಜ್ ಬರದೆ ಏನು, ಹೇಮಾ ಅವ್ವನ ಜೊತೆ ಮಾತಾಡುತ್ತಿದ್ದಳು.

"ನೀವು ಅವರ ಅಕ್ಕ ಅಲ್ವಾ? ಹೆದರ್ಬೇಡಿ ಮಾರಾಯ್ರೆ. ರಿಪೋರ್ಟ್ ಬಂತು. ನಿಮ್ಮ ತಂಗಿಗೆ ಸಣ್ಣದಿರುವಾಗಲೇ ಆಗಿ ಹೋಗಿದೆ. ಅವರಿಗೆ ಎಂತ ಆಗುದಿಲ್ಲ, ಮಗುಗೂ ಎಂತ ಆಗುದಿಲ್ಲ."

"ಇನ್ನೊಮ್ಮೆ ಹೇಳ್ರಿ."

ಅವಳು ಬೇಸರಿಸದೆ ಇನ್ನೊಮ್ಮೆ ಹೇಳಿದಳು. ಡಾಕ್ಟರು ಕಾಗದಕ್ಕೆ ಸಹಿ ಹಾಕಿದ್ದಾರೆ, ಇಂಜೆಕ್ಷನ್ ಬೇಡ ಅಂದಿದ್ದಾರೆ ಎಂದೂ ಸೇರಿಸಿದಳು.

ಜುನುವಿಗೆ ಕನ್ನಡ ತಿಳಿಯದು. ಆದರೆ ನನ್ನ ಮುಖ ನೋಡಿಯೇ ತಿಳಿದುಕೊಂಡು, ನಾನು ಹೇಳುವ ಮೊದಲೇ ಅವಳು ಎದುರು ಬಾಗಿಲು ಬಡಿಯುತ್ತಿದ್ದಳು. ನಾನು ಹಾಸಿಗೆಯಿಂದ ಎದ್ದು ಕಾರಿಡಾರಿನವರೆಗೆ ಹೋಗಿ ನಿಂತೆ. ಬಾಗಿಲು ತೆರೆದುಕೊಂಡಿತು, ಕೈಯಲ್ಲಿ ರಿಸೀವರು ಹಿಡಿದುಕೊಂಡೇ ಹೇಮಾ ಬಂದಳು, ತಂತಿ ಎಳೆದಷ್ಟು ಎಳೆದು ನಿಂತಿತ್ತು. ಹತ್ತು ಹೆಜ್ಜೆಯ ಆಚೆ ಈಚೆ ನಾವಿಬ್ಬರೂ ನಿಂತೆವು. ಹೇಳಿದೆ. ಅವಳು ನಿಂತಲ್ಲೇ ಗೋಡೆಗೆ ಒರಗಿದಳು. ರಿಸೀವರಿನಿಂದ ಅವ್ವನ ದನಿ ಕೇಳುತ್ತಿತ್ತು. "ಏನಂತ? ಏನಂದ್ರ? ಯಾರರೆ ಹೇಳ್ರಿ."

ಬೇವಿನ ಮರದ ಕೆಳಗೆ

ತಂಗಿಗೆ ಭಯವಿಲ್ಲವೆಂದು ತಿಳಿದ ಮೇಲೂ, ಬಸುರಿಯರು ಮಕ್ಕಳು ಓಡಾಡುವ ಕಟ್ಟಡವೆಂದು ಗುಳ್ಳೆಗಳೆಲ್ಲ ಒಣಗುವವರೆಗೆ ನಾನು ಜುನುವಿನ ಮನೆ ಬಿಡಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ಜುನು ನನ್ನನ್ನು ಮೀಯಿಸಿದಳು. ದುಬೈಯಲ್ಲಿ ಬೇವಿಗೆ ಬರವಿಲ್ಲ. ಮರಳಿನಲ್ಲೂ ಬದುಕುತ್ತದೆಂದು ಬೀದಿಬೀದಿಗೆ ನೆಟ್ಟಿದ್ದಾರೆ. ಆಗ ತಾನೇ ಹೂ ಬಿಟ್ಟಿತ್ತು. ಕಾರು ನಿಲ್ಲಿಸುವ ಬಯಲಿನ ಅಂಚಿಗೆ ಒಂದು ಮರ. ಹೇಮಾ ಮೊಸರನ್ನ ಕಲಸಿ ಕೊಟ್ಟಳು. ನಾನು, ಜುನು ಅದನ್ನು ಎಲೆಯ ಮೇಲಿಟ್ಟುಕೊಂಡು ಹೋಗಿ ಮರದ ಬುಡದಲ್ಲಿಟ್ಟೆವು.

ಕೈಮುಗಿದು, "ಹೋಗು ತಾಯಿ" ಎಂದೆ. ಜುನು ಅರ್ಥ ಕೇಳಿದಳು. ಯಾರನ್ನು ಕಳಿಸುವಾಗಲೂ ನಾವು ಹೋಗಿ ಬಾ ಅನ್ನುತ್ತೇವೆ, ಇವಳೊಬ್ಬಳಿಗೆ ಮಾತ್ರ ಬಾ ಅನ್ನುವುದಿಲ್ಲ ಎಂದೆ. ಜುನು ನಕ್ಕಳು. "ನಾವು ಹೊರಡುವಾಗ ಹೋಗುತ್ತೇನೆ ಅನ್ನುವುದೇ ಇಲ್ಲ, ಆಹೋಂ, ಬರುತ್ತೇನೆ, ಅನ್ನುತ್ತೇವೆ. ಆಯಿಯ ಹತ್ತಿರ ಮಾತ್ರ ಆ ಮಾತು ಆಡುವ ಧೈರ್ಯ ಯಾರಿಗಿದೆ."

ಅಷ್ಟರಲ್ಲಿ ಪೌರಕಾರ್ಮಿಕನೊಬ್ಬ ಪೊರಕೆ ಹಿಡಿದು ಬಂದ. ಆ ಊರಿನಲ್ಲಿ ಬೀದಿಯಲ್ಲಿ ಕಾಗದ ಎಸೆದರೂ ತಪ್ಪು. ಅವನು ಅನ್ನವನ್ನು ನೋಡಿದ, ಮರವನ್ನು ನೋಡಿದ, ನನ್ನ ಮುಖದ ಕಲೆಗಳನ್ನು ನೋಡಿದ. ತೆಲುಗಿನಲ್ಲಿ ಮೆಲ್ಲಗೆ, "ಅಮ್ಮವಾರಾ?" ಎಂದು ಕೇಳಿದ. ಹೌದೆಂದು ತಲೆಯಾಡಿಸಿದೆ. ಪೊರಕೆಯನ್ನು ಮರಕ್ಕೆ ಒರಗಿಸಿ ಅವನೂ ಕೈಮುಗಿದ. ಆಮೇಲೆ ಎಲೆಯನ್ನು ಬಿಟ್ಟು ಸುತ್ತಲಿನ ಜಾಗವನ್ನಷ್ಟೇ ಗುಡಿಸಿಕೊಂಡು ಮುಂದೆ ಹೋದ.

ಮೇಲೆ ಹೋದಾಗ ಬಸವರಾಜ ಜುನುವಿನ ಹೊಸ್ತಿಲಲ್ಲಿ ನಿಂತಿದ್ದ. ಈ ಸಲ ಒಳಗೆ ಬಂದು ನನ್ನ ಚೀಲ ಎತ್ತಿಕೊಂಡ.

"ಅಕ್ಕಾರ, ಅವತ್ತು ನಾ ಹಂಗ ಮಾತಾಡಬಾರದಿತ್ರಿ."

"ನೀ ಕೇಳಿದ್ದರಾಗ ತಪ್ಪೇನಿರಲಿಲ್ಲಪಾ. ನಾ ಹೇಳಬೇಕಿತ್ತು."

"ಹೇಳಬೇಕಿತ್ತು ಖರೆ. ಆದ್ರ ನಾನೂ ಅಂಜಿದ್ದೆ." ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಬರ್ರಿ, ಆಕಿ ಮುಂಜಾನಿಯಿಂದ ರೊಟ್ಟಿ ಮಾಡ್ಕೊಂತ ಕುಂತಾಳ, ಒಂದೂ ಉಬ್ಬವಲ್ಲದು."

ಅಬುಧಾಬಿ

ಏಪ್ರಿಲ್ ನಡುವಿನ ಶುಕ್ರವಾರ ಜುನುವಿನ ಗಂಡ ಸಮುದ್ರದಿಂದ ದಡಕ್ಕೆ ಬರುವ ದಿನ. ಅಬುಧಾಬಿಯ ಅಸ್ಸಾಮಿನವರು ಅಂದೇ ಒಬ್ಬರ ಮನೆಯಂಗಳದಲ್ಲಿ ತಮ್ಮ ಹೊಸವರ್ಷದ ಬಿಹು ಇಟ್ಟುಕೊಂಡಿದ್ದರು. ನಮ್ಮನ್ನೂ ಕರೆದರು. ಬಸವರಾಜನ ಕಾರಿನಲ್ಲಿ ಎಲ್ಲರೂ ಹೋದೆವು. ರಸ್ತೆಯ ಎರಡೂ ಬದಿ ಸರಕಾರ ನೀರುಣಿಸಿ ಬೆಳೆಸಿದ ಮರಗಳ ಸಾಲು, ಅದರಾಚೆ ಮರಳು. ಹೇಮಾ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿ ಕಣ್ಣು ತೆರೆದುಕೊಂಡು ಕೂತಿದ್ದಳು. ವರದಿ ಬಂದ ಮೇಲೂ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಲಗಿದರೆ ಅರ್ಧ ಗಂಟೆಗೆ ಎದ್ದು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಬಿಹು ಬೇರೆಯೇ ಲೋಕ. ಎದೆಯೊಳಗೆ ಬಡಿಯುವ ಡೋಲು, ಎಮ್ಮೆಯ ಕೊಂಬಿನಿಂದ ಮಾಡಿದ ಪೇಪಾ ಎಂಬ ಕಹಳೆಯ ಸೀಳು ದನಿ. ನನ್ನ ಹಾಸಿಗೆಯ ಬಳಿ ಕಣ್ಣು ಮುಚ್ಚಿ ಬೇಡಿಕೊಂಡಿದ್ದ ಹೆಂಗಸರೇ ಇಲ್ಲಿ ಸೊಂಟದ ಮೇಲೆ ಕೈಯಿಟ್ಟು, ತಲೆಗೆ ಹೂ ಮುಡಿದು ಕುಣಿಯುತ್ತಿದ್ದರು. ಡೋಲು ಬಾರಿಸುತ್ತಿದ್ದವನು ಜುನುವಿನ ಗಂಡ. ತಿಂಗಳ ಗಡ್ಡ ಕೂಡ ಬೋಳಿಸದೆ ನೇರ ಬಂದಿದ್ದ. ಹಾಡುಗಳೆಲ್ಲ ಹರೆಯದ ಹುಡುಗ ಹುಡುಗಿಯರದು. ಅರ್ಥ ಕೇಳಿದರೆ ಜುನು ನಾಚಿಕೊಂಡು ಪೂರ್ತಿ ಹೇಳುತ್ತಿರಲಿಲ್ಲ.

ಊಟವಾದ ಮೇಲೆ ಗಂಡಸರು ಅಂಗಳದಲ್ಲಿ ಹರಟೆಗೆ ಕೂತರು. ಒಳಗೆ ತಂಪಾದ ಕೋಣೆಯಲ್ಲಿ ಹೆಂಗಸರು ಚಾಪೆ ಹಾಸಿದರು. ಮಾಹಿ ಬಂದಿದ್ದರು. ಹೇಮಾಳನ್ನು ನೋಡಿ, ಫೋನಿನೊಳಗೆ ಇದ್ದವಳು ಇವಳೇ ಅಲ್ಲವೇ ಎಂದು ಗಲ್ಲ ಹಿಡಿದರು. ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಒಂದು ನಾಮ್ ಎತ್ತಿದರು. ಇದು ಆಯಿಯದಲ್ಲ, ಹರಿಯ ನಾಮ ಎಂದು ಜುನು ಹೇಳಿದಳು. ಅದೇ ಚಪ್ಪಾಳೆ, ಅದೇ ನಿಧಾನ. ಸಾಲಿನ ಕೊನೆ ಹಿಂದಿರುಗಿ ಬಂದಾಗ ನಾನೂ ದನಿ ಸೇರಿಸಿದೆ. ನನ್ನ ಉಚ್ಚಾರ ಕೇಳಿ ಒಬ್ಬಿಬ್ಬರು ನಕ್ಕರು, ನಿಲ್ಲಿಸಬೇಡಿರೆಂದು ಕೈಸನ್ನೆ ಮಾಡಿದರು.

ಎರಡನೆಯ ಹಾಡಿನ ನಡುವೆ ನನ್ನ ಭುಜದ ಮೇಲೆ ಭಾರ ಬಿತ್ತು. ಹೇಮಾಳ ತಲೆ. ಬಾಯಿ ಸ್ವಲ್ಪ ತೆರೆದುಕೊಂಡಿತ್ತು, ಕೈ ಹೊಟ್ಟೆಯಿಂದ ಜಾರಿ ಚಾಪೆಯ ಮೇಲೆ ಬಿದ್ದಿತ್ತು. ಮಾಹಿ ನೋಡಿದರು. ಹಾಡು ನಿಲ್ಲಿಸಲಿಲ್ಲ. ಚಪ್ಪಾಳೆ ಮಾತ್ರ ಬಿಟ್ಟರು. ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು. ಬರಿಯ ದನಿಗಳು ಉಳಿದವು, ಅವೂ ತಗ್ಗುತ್ತ ಹೋದವು.

ನಾಲ್ಕು ಗಂಟೆಗೆ ಹೊರಡುವುದೆಂದು ಮಾತಾಗಿತ್ತು. ಬಸವರಾಜ ಕಾರಿನ ಕೀಲಿ ಹಿಡಿದು ಬಾಗಿಲಿಗೆ ಬಂದ. ನಾನು ಅವಳನ್ನು ಎಬ್ಬಿಸಲು ಕೈ ಎತ್ತಿದೆ. ಅವನು ಬೇಡವೆಂದು ತಲೆಯಾಡಿಸಿ, ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಕೀಲಿ ಸದ್ದು ಮಾಡದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ನನ್ನ ಭುಜ ಜೋಮು ಹಿಡಿದಿತ್ತು. ಆರು ಗಂಟೆಯವರೆಗೆ ನಾನು ಅಲುಗಾಡಲಿಲ್ಲ.